ಬೆಂಕಿ ತೆರೆದ ಬಾಗಿಲು ಮತ್ತು ರೇವತಿಯ ದೃಷ್ಟಿ

ಒಂದು ಬಸದಿಯ ಆಡಳಿತ ಸಮಿತಿಯು ವಾರ್ಷಿಕೋತ್ಸವದ ಸಂದರ್ಭದಲ್ಲಿ ಸಭಾಮಂಟಪದೊಳಗೆ ಒಂದು ದೊಡ್ಡ ಕಮಲವನ್ನು ನಿರ್ಮಿಸಲು ಯೋಚಿಸಿದೆ ಎಂದು ಭಾವಿಸೋಣ. ಮುಚ್ಚಿದ ದಳಗಳು ಆರತಿಯ ಹೊತ್ತಿಗೆ ಒಂದೊಂದಾಗಿ ಬಿಚ್ಚಿಕೊಳ್ಳಬೇಕು. ಒಳಗಿನಿಂದ ಗಂಧಕುಟಿಯ ಮಾದರಿಯೊಂದು ಮೇಲೇಳಬೇಕು. ಆರತಿ ಮುಗಿದ ಮೇಲೆ ತಾನಾಗಿಯೇ ಮುಚ್ಚಿಕೊಳ್ಳಬೇಕು. ಇದಕ್ಕೆ ವಿದ್ಯುತ್ತಿನ ಮೋಟಾರು ಬೇಡ, ನೀರಿನ ತೂಕ, ಗಾಳಿಯ ಒತ್ತಡ, ಹಗ್ಗ ಮತ್ತು ರಾಟೆ ಇಷ್ಟರಿಂದಲೇ ಸಾಧ್ಯವೆಂದು ಶಿಲ್ಪಿಯು ಹೇಳುತ್ತಾನೆ. ಸಮಿತಿಯ ಸದಸ್ಯರಲ್ಲಿ ಒಬ್ಬರು, ಕೆಳಗಿನ ಯಂತ್ರವು ಯಾರ ಕಣ್ಣಿಗೂ ಬೀಳದಂತಿರಲಿ, ಜನರು ಬೆರಗಾಗಲಿ, ಆಗ ಧರ್ಮಪ್ರಭಾವನೆಯಾಗುತ್ತದೆ ಎನ್ನುತ್ತಾರೆ. ಈ ಮಾತು ಸರಿಯೇ ಎಂಬುದು ಇಲ್ಲಿ ವಿಚಾರಣೀಯ ವಿಷಯ. ವಿದ್ಯುತ್ತಿಲ್ಲದೆ ಆಕಾರ ಬದಲಿಸುವ ಇಂಥ ರಚನೆಗಳು ಹೊಸವಲ್ಲ. ದೇವಾಲಯದೊಡನೆ ಅವುಗಳ ಸಂಬಂಧವೂ ಹೊಸದಲ್ಲ.

ಕ್ರಿ.ಶ. ಒಂದನೆಯ ಶತಮಾನದಲ್ಲಿ ಈಜಿಪ್ಟ್ ದೇಶದ ಅಲೆಕ್ಸಾಂಡ್ರಿಯಾ ನಗರದಲ್ಲಿ ಹೆರೋನ್ ಎಂಬ ಯಂತ್ರಶಾಸ್ತ್ರಜ್ಞನಿದ್ದನು. ಗ್ರೀಕ್ ಭಾಷೆಯಲ್ಲಿ ಅವನು ಬರೆದ ನ್ಯೂಮ್ಯಾಟಿಕಾ ಎಂಬ ಗ್ರಂಥದಲ್ಲಿ ಗಾಳಿ, ನೀರು, ಬೆಂಕಿ ಮತ್ತು ಭಾರಗಳಿಂದ ನಡೆಯುವ ಹಲವಾರು ರಚನೆಗಳ ವಿವರಣೆ ಇದೆ. ಅವುಗಳಲ್ಲಿ ಪ್ರಸಿದ್ಧವಾದುದು ಗುಡಿಯ ಬಾಗಿಲಿನದು. ಗುಡಿಯ ಮುಂದೆ ಒಂದು ಅಗ್ನಿವೇದಿಕೆ. ವೇದಿಕೆಯು ಒಳಗೆ ಟೊಳ್ಳು. ಅದರಿಂದ ಒಂದು ಕೊಳವೆಯು ನೆಲದ ಕೆಳಗೆ ಅಡಗಿಸಿದ ಲೋಹದ ಗೋಳಕ್ಕೆ ಇಳಿಯುತ್ತದೆ. ಗೋಳದಲ್ಲಿ ಸ್ವಲ್ಪ ಭಾಗ ನೀರು. ವೇದಿಕೆಯ ಮೇಲೆ ಬೆಂಕಿ ಹೊತ್ತಿಸಿದಾಗ ಟೊಳ್ಳಿನೊಳಗಿನ ಗಾಳಿಯು ಕಾದು ಹಿಗ್ಗುತ್ತದೆ. ಹಿಗ್ಗಿದ ಗಾಳಿಯು ಗೋಳದ ನೀರನ್ನು ಒತ್ತುತ್ತದೆ. ನೀರು ಬಾಗಿದ ನಳಿಕೆಯ ಮೂಲಕ ತೂಗುಹಾಕಿದ ಒಂದು ಬಕೆಟ್ಟಿಗೆ ಹರಿಯುತ್ತದೆ. ಬಾಗಿಲಿನ ತಿರುಗುಗಂಬಗಳು ನೆಲದ ಕೆಳಗೂ ಚಾಚಿರುತ್ತವೆ. ಅವುಗಳಿಗೆ ಸುತ್ತಿದ ಸರಪಳಿಯು ಆ ಬಕೆಟ್ಟಿಗೆ ಕಟ್ಟಿದೆ. ಬಕೆಟ್ಟು ಭಾರವಾಗಿ ಕೆಳಗಿಳಿದೊಡನೆ ಕಂಬಗಳು ತಿರುಗಿ ಬಾಗಿಲು ತೆರೆಯುತ್ತದೆ. ಬೆಂಕಿ ಆರಿದ ಮೇಲೆ ಗಾಳಿಯು ಕುಗ್ಗುತ್ತದೆ, ನೀರು ಅದೇ ನಳಿಕೆಯಿಂದ ಗೋಳಕ್ಕೆ ಹಿಂದಿರುಗುತ್ತದೆ, ಬಕೆಟ್ಟು ಹಗುರಾಗುತ್ತದೆ, ಎದುರುಭಾರವೊಂದು ಕಂಬಗಳನ್ನು ಹಿಮ್ಮುಖವಾಗಿ ತಿರುಗಿಸಿ ಬಾಗಿಲನ್ನು ಮುಚ್ಚುತ್ತದೆ. ನೀರಿಗೆ ಬದಲಾಗಿ ಪಾದರಸವನ್ನು ಬಳಸುವವರೂ ಉಂಟೆಂದು ಹೆರೋನನು ಸೂಚಿಸಿದ್ದಾನೆ. ಪಾದರಸವು ನೀರಿಗಿಂತ ಹೆಚ್ಚು ಭಾರವಷ್ಟೆ.

ಬಾಗಿಲು ತೆರೆದಾಗ ಕಹಳೆಯು ಊದುವಂತೆ ಮಾಡುವ ಉಪಾಯವೂ, ಬೆಂಕಿ ಹೊತ್ತಿಸಿದಾಗ ವೇದಿಕೆಯ ಪಕ್ಕದ ಬೊಂಬೆಗಳು ದ್ರವವನ್ನು ಸುರಿಯುವ ಉಪಾಯವೂ ಅದೇ ಗ್ರಂಥದಲ್ಲಿವೆ. ಐದು ದ್ರಾಖ್ಮಾ ನಾಣ್ಯವೊಂದನ್ನು ಸೀಳಿನೊಳಗೆ ಹಾಕಿದರೆ ಸನ್ನೆಯ ಒಂದು ತುದಿಯು ನಾಣ್ಯದ ಭಾರಕ್ಕೆ ಬಾಗಿ, ಇನ್ನೊಂದು ತುದಿಯು ಮುಚ್ಚಳವನ್ನೆತ್ತಿ, ಸ್ವಲ್ಪ ಪವಿತ್ರಜಲವು ಹೊರಬೀಳುವ ಪಾತ್ರೆಯೂ ಇದೆ. ನಾಣ್ಯ ಜಾರಿಬಿದ್ದೊಡನೆ ಮುಚ್ಚಳ ಮುಚ್ಚಿಕೊಳ್ಳುತ್ತದೆ. ವರ್ತಕರಿಗೆ ಇದು ಸ್ವಾರಸ್ಯದ ವಸ್ತು. ನಾಣ್ಯ ಹಾಕಿ ಸರಕು ಪಡೆಯುವ ಯಂತ್ರಗಳ ಮೂಲಪುರುಷನು ಒಂದು ಗುಡಿಯ ಬಾಗಿಲಲ್ಲಿ ನಿಂತಿದ್ದನೆಂದಾಯಿತು. ಹೆರೋನನ ಮತ್ತೊಂದು ಗ್ರಂಥದಲ್ಲಿ ತಾನಾಗಿ ನಡೆಯುವ ಬೊಂಬೆಯಾಟದ ರಂಗವಿದೆ. ಅದಕ್ಕೆ ಶಕ್ತಿ ಒದಗಿಸುವುದು ಸಿರಿಧಾನ್ಯ ಅಥವಾ ಸಾಸಿವೆ ಕಾಳುಗಳ ಮೇಲೆ ಕುಳಿತ ಒಂದು ಭಾರ. ಕಾಳು ಸಣ್ಣ ರಂಧ್ರದಿಂದ ಸುರಿದಂತೆ ಭಾರವು ಮೆಲ್ಲಗೆ ಇಳಿದು ಹಗ್ಗಗಳನ್ನು ಎಳೆಯುತ್ತದೆ.

ಈ ಎಲ್ಲ ರಚನೆಗಳನ್ನೂ ಜೈನ ತತ್ತ್ವದ ಬೆಳಕಿನಲ್ಲಿ ನೋಡಿದರೆ ಬೆರಗಿಗೆ ಹೆಚ್ಚು ಅವಕಾಶ ಉಳಿಯುವುದಿಲ್ಲ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪುದ್ಗಲದ ಪರ್ಯಾಯಗಳನ್ನು ಎಣಿಸುವಾಗ ಶಬ್ದ, ಬಂಧ, ಸೂಕ್ಷ್ಮತೆ, ಸ್ಥೂಲತೆ, ಭೇದ, ಕತ್ತಲೆ, ನೆರಳು, ಬಿಸಿಲು, ಬೆಳಕುಗಳ ಜೊತೆಗೆ ಸಂಸ್ಥಾನವನ್ನೂ ಅಂದರೆ ಆಕಾರವನ್ನೂ ಸೇರಿಸಿದ್ದಾರೆ. ಗಾಳಿ ಹಿಗ್ಗಿದ್ದು ಸ್ಥೂಲತೆ, ಕಹಳೆ ಮೊಳಗಿದ್ದು ಶಬ್ದ, ದಳ ಬಿಚ್ಚಿದ್ದು ಸಂಸ್ಥಾನದ ಬದಲಾವಣೆ. ಮುಚ್ಚಿದ ಕಮಲದ ಪರ್ಯಾಯವು ವ್ಯಯವಾಯಿತು, ತೆರೆದ ಕಮಲದ ಪರ್ಯಾಯವು ಉತ್ಪಾದವಾಯಿತು, ತಗಡು ಮಾತ್ರ ಧ್ರುವವಾಗಿ ತಗಡೇ ಆಗಿ ಉಳಿಯಿತು. ಚೈತನ್ಯದ ಲಕ್ಷಣವಾದ ಉಪಯೋಗವು ಇಲ್ಲಿ ಎಲ್ಲಿಯೂ ಇಲ್ಲ. ಬಾಗಿಲಿಗೆ ಭಕ್ತನು ಬಂದದ್ದು ತಿಳಿಯದು. ಬೆಂಕಿಗೆ ಪ್ರಾರ್ಥನೆ ತಿಳಿಯದು. ಕಂಡವರು ಮಾತ್ರ ಒಳಗೆ ಯಾರೋ ಕೇಳಿಸಿಕೊಂಡರು, ಯಾರೋ ಒಪ್ಪಿದರು ಎಂದು ತಿಳಿಯುತ್ತಾರೆ. ಅಜೀವದಲ್ಲಿ ಜೀವವನ್ನೂ, ಪುದ್ಗಲದ ಪರಿಣಮನದಲ್ಲಿ ದೇವರ ಇಚ್ಛೆಯನ್ನೂ ಆರೋಪಿಸುವ ಈ ತಿಳಿವಳಿಕೆಗೆ ಶಾಸ್ತ್ರದಲ್ಲಿ ಇರುವ ಹೆಸರು ಮಿಥ್ಯಾತ್ವ. ಆದುದರಿಂದ ವಿಷಯವು ಅಲಂಕಾರಕ್ಕೆ ಸಂಬಂಧಿಸಿದ ಸಣ್ಣ ವಿಷಯವಲ್ಲ.

ಹೆರೋನನಿಗೆ ಅನ್ಯಾಯವಾಗಬಾರದು. ಅವನ ಗ್ರಂಥವು ಆ ಬಾಗಿಲನ್ನು ಒಂದು ಪುಟ್ಟ ಗುಡಿಗೆ ಹೇಳುತ್ತದೆಯೇ ಹೊರತು ಮಹಾದೇವಾಲಯಕ್ಕಲ್ಲ. ಕೆಲವು ರಚನೆಗಳು ಬದುಕಿನ ಅಗತ್ಯಗಳಿಗೆ, ಕೆಲವು ಬೆರಗು ಹುಟ್ಟಿಸುವುದಕ್ಕೆ ಎಂಬ ಅರ್ಥದ ಮಾತನ್ನು ಅವನು ಆರಂಭದಲ್ಲಿಯೇ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಅಲ್ಲದೆ ಪ್ರತಿಯೊಂದು ಕೊಳವೆಯನ್ನೂ ಸರಪಳಿಯನ್ನೂ ಓದುವವರೆಲ್ಲರಿಗೂ ತಿಳಿಯುವಂತೆ ಬರೆದಿಟ್ಟವನು ವಂಚಕನಾಗಲಾರ. ಯಂತ್ರವನ್ನು ಬರೆದಿಟ್ಟವನು ಬೇರೆ, ಯಂತ್ರದ ಮುಂದೆ ನಿಂತು ಸುಮ್ಮನಿರುವವನು ಬೇರೆ. ದೋಷವಿದ್ದರೆ ಅದು ಎರಡನೆಯವನ ಮೌನದಲ್ಲಿದೆ.

ಮರೆಯಲ್ಲಿರುವುದೆಲ್ಲ ವಂಚನೆಯೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಕೈಗಡಿಯಾರದ ಒಳಗಿನ ಚಕ್ರಗಳು ಯಾರಿಗೂ ಕಾಣುವುದಿಲ್ಲ. ಅಂಗಡಿಯ ತಕ್ಕಡಿಯ ಎರಡು ತಟ್ಟೆಗಳೂ ಮುಳ್ಳೂ ಗಿರಾಕಿಯ ಕಣ್ಣೆದುರಿಗೆ ಆಡುತ್ತವೆ, ಅದು ಬಹುಶಃ ಮನುಷ್ಯನು ಮಾಡಿದ ಅತ್ಯಂತ ಪ್ರಾಮಾಣಿಕ ಚಲಿಸುವ ಪ್ರದರ್ಶನ. ಆದರೆ ಈಗಿನ ಮುಚ್ಚಿದ ತೂಕದ ಯಂತ್ರದ ಒಳಗನ್ನು ನೋಡಿದ ಗಿರಾಕಿಯಿಲ್ಲ. ಹಾಗಿದ್ದೂ ಅದು ವಂಚನೆಯಲ್ಲ. ಏಕೆಂದರೆ ಅದು ತೂಗುತ್ತದೆ ಎಂದು ಹೇಳಿ ತೂಗುತ್ತದೆ, ಮತ್ತು 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮದಂತೆ ಅದನ್ನು ಪರೀಕ್ಷಿಸಿ ಮುದ್ರೆಯೊತ್ತುವ ಅಧಿಕಾರಿಯಿದ್ದಾನೆ. ಮರೆಯು ದೋಷವಲ್ಲ. ಮರೆಯ ಮೂಲಕ ಒಂದು ಸುಳ್ಳು ನಂಬಿಕೆಯನ್ನು ಹುಟ್ಟಿಸಿ, ಆ ನಂಬಿಕೆಯಿಂದ ಲಾಭ ಪಡೆಯುವುದು ದೋಷ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತದ ಅತಿಚಾರಗಳನ್ನು ಹೇಳುವಾಗ ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನೂ, ಒಂದರಂತೆ ತೋರುವ ಇನ್ನೊಂದನ್ನು ಕೊಟ್ಟು ವ್ಯವಹರಿಸುವುದನ್ನೂ ಒಟ್ಟಿಗೆ ಹೇಳಿದೆ. ಎರಡನೆಯದಕ್ಕೆ ಪ್ರತಿರೂಪಕ ವ್ಯವಹಾರವೆಂದು ಹೆಸರು. ತುಪ್ಪದಲ್ಲಿ ಬೇರೆ ಎಣ್ಣೆಯನ್ನು ಬೆರೆಸುವವನಿಗೆ ಈ ಹೆಸರು ಸಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನೀರಿನ ತೂಕವನ್ನು ಅತಿಶಯವೆಂದು ನೀಡುವವನಿಗೆ ಸಲ್ಲದೆಂದು ಹೇಳಲು ಕಾರಣ ಕಾಣುವುದಿಲ್ಲ.

ಲೌಕಿಕ ಕಾನೂನು ಸಹ ಇದೇ ದಾರಿಯಲ್ಲಿ ನಡೆಯುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣವು ಸುಳ್ಳು ಹೇಳುವುದನ್ನಷ್ಟೇ ಅಲ್ಲದೆ, ತಿಳಿದ ಸಂಗತಿಯನ್ನು ಬೇಕೆಂದೇ ಮರೆಮಾಡುವುದನ್ನೂ ವಂಚನೆಯೊಳಗೆ ಸೇರಿಸಿದೆ. 19ನೆಯ ಪ್ರಕರಣದಂತೆ ಅಂಥ ವಂಚನೆಯಿಂದ ಪಡೆದ ಸಮ್ಮತಿಯನ್ನು ಕೊಟ್ಟವನು ಹಿಂತೆಗೆದುಕೊಳ್ಳಬಹುದು. ದಾನವು ವ್ಯಾಪಾರವಲ್ಲ, ನಿಜ. ಆದರೆ ಅಲ್ಲಿಯೂ ಕೊಡುವವನ ಮನಸ್ಸು ಬೇಕು. ಕಮಲವು ದೈವಶಕ್ತಿಯಿಂದ ಬಿಚ್ಚಿತೆಂದು ನಂಬಿದ ಮುದುಕಿಯೊಬ್ಬಳು ಕೈಯ ಬಳೆಯನ್ನು ಹುಂಡಿಗೆ ಹಾಕಿದರೆ, ಆ ಬಳೆಯನ್ನು ಅವಳು ಕೊಟ್ಟದ್ದು ಯಾವುದಕ್ಕೆ? ನೆಲದ ಕೆಳಗಿನ ಬಕೆಟ್ಟಿಗಂತೂ ಅಲ್ಲ. ಕೊಡದಿರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಟ್ರಸ್ಟಿನ ಲೆಕ್ಕಪುಸ್ತಕದಲ್ಲಿ ಆ ಬಳೆಯ ಬೆಲೆಯನ್ನು ದಾನದ ಖಾತೆಗೆ ಜಮಾ ಮಾಡುವ ಲೆಕ್ಕಿಗನು ತನ್ನ ಆತ್ಮದ ಖಾತೆಯಲ್ಲಿ ಅದನ್ನು ಯಾವ ಬದಿಗೆ ಬರೆಯಬೇಕೆಂದು ಯೋಚಿಸಬೇಕು.

ಪ್ರಭಾವನೆಯ ಹೆಸರಿನಲ್ಲಿ ಇದನ್ನು ಸಮರ್ಥಿಸುವವರ ವಾದವು ಟೊಳ್ಳಾದುದಲ್ಲ. ಮಕ್ಕಳು ಪ್ರವಚನಕ್ಕೆ ಕೂರುವುದಿಲ್ಲ. ಕಣ್ಣಿಗೆ ಹಬ್ಬವಾದುದು ಮನಸ್ಸನ್ನು ಸೆಳೆಯುತ್ತದೆ. ಸಮವಸರಣದ ವೈಭವವನ್ನು ವರ್ಣಿಸದ ಪುರಾಣವಿಲ್ಲ. ಜಿನಮಹಿಮೆಯ ದರ್ಶನವು ಸಮ್ಯಕ್ತ್ವದ ಹುಟ್ಟಿಗೆ ಕಾರಣಗಳಲ್ಲಿ ಒಂದೆಂದು ಶಾಸ್ತ್ರಕಾರರೇ ಒಪ್ಪಿದ್ದಾರೆ. ಇವೆಲ್ಲ ನಿಜ. ಆದರೆ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಪ್ರಭಾವನಾಂಗವನ್ನು ವಿವರಿಸುವಾಗ ಮೊದಲು ಹೇಳುವುದು ಅಜ್ಞಾನವೆಂಬ ಕತ್ತಲೆಯನ್ನು ಕಳೆಯುವ ಕೆಲಸವನ್ನು. ಜಿನಶಾಸನದ ಮಹಿಮೆಯ ಪ್ರಕಾಶವು ಅದರ ಬೆನ್ನಿಗೆ ಬರುತ್ತದೆ. ಕತ್ತಲೆಯನ್ನು ಹೆಚ್ಚಿಸಿ ಪ್ರಕಾಶ ಮಾಡುವ ದಾರಿಯನ್ನು ಅವರು ಹೇಳಿಲ್ಲ. ಅದೇ ಆಚಾರ್ಯರ ಆಪ್ತಮೀಮಾಂಸೆಯ ಆರಂಭವು ಇನ್ನೂ ಕಠಿಣ. ದೇವತೆಗಳು ಬರುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರಗಳ ಸೇವೆ ಇವೆಲ್ಲ ಇಂದ್ರಜಾಲಿಗರಲ್ಲಿಯೂ ಕಾಣಸಿಗುವುದರಿಂದ ಜಿನೇಂದ್ರನ ದೊಡ್ಡತನಕ್ಕೆ ಅವು ಪ್ರಮಾಣವಾಗಲಾರವೆಂದು ಅವರು ಅರ್ಹಂತನ ಎದುರಿಗೇ ನಿಂತು ವಾದಿಸುತ್ತಾರೆ. ಈ ಆರಂಭದಿಂದಲೇ ಆ ಕೃತಿಗೆ ದೇವಾಗಮಸ್ತೋತ್ರವೆಂಬ ಹೆಸರು ಬಂತು. ನಿಜವಾದ ಅತಿಶಯಗಳನ್ನೇ ಪ್ರಮಾಣವೆಂದು ಒಪ್ಪದ ಪರಂಪರೆಯು ರಾಟೆಯಿಂದ ಎಳೆದ ಅತಿಶಯವನ್ನು ಹೇಗೆ ಒಪ್ಪೀತು? ಯುಕ್ತಿ ಮತ್ತು ಆಗಮಗಳಿಗೆ ವಿರೋಧವಿಲ್ಲದ ವಚನವೇ ಆಪ್ತನ ಗುರುತೆಂದು ಆಚಾರ್ಯರು ಸ್ಥಾಪಿಸಿದರು. ಅದನ್ನು ಬಿಟ್ಟು ತೋರಿಕೆಗೆ ಮರಳುವುದು ಮೂಲಧನವನ್ನು ಮಾರಿ ಬಡ್ಡಿಯನ್ನು ಹುಡುಕಿದಂತೆ.

ಇಲ್ಲಿ ರೇವತಿ ರಾಣಿಯ ಕಥೆಯನ್ನು ನೆನೆಯದೆ ಮುಂದೆ ಹೋಗಲಾಗದು. ಸಮ್ಯಕ್ತ್ವದ ಅಂಗಗಳನ್ನು ಕಥೆಗಳ ಮೂಲಕ ಕಲಿಸುವ ಪದ್ಧತಿಯು ಕನ್ನಡದಲ್ಲಿಯೂ ಹಳೆಯದು. ಮುಳುಗುಂದದ ನಯಸೇನನ ಧರ್ಮಾಮೃತವು ಹನ್ನೆರಡನೆಯ ಶತಮಾನದ ಆರಂಭದ್ದು. ಅಮೂಢದೃಷ್ಟಿ ಅಂಗಕ್ಕೆ ಸಮಂತಭದ್ರರು ಹೆಸರಿಸುವುದು ರೇವತಿಯನ್ನು. ಕಥೆಯಂತೆ ವಿದ್ಯಾಶಕ್ತಿಯುಳ್ಳ ಒಬ್ಬ ಕ್ಷುಲ್ಲಕನು ಉತ್ತರ ಮಧುರೆಗೆ ಹೊರಟಾಗ, ಗುಪ್ತಾಚಾರ್ಯರು ಅಲ್ಲಿನ ಸುವ್ರತ ಮುನಿಗೆ ವಂದನೆಯನ್ನೂ ರೇವತಿ ರಾಣಿಗೆ ಆಶೀರ್ವಾದವನ್ನೂ ಹೇಳಿಕಳಿಸಿದರು. ಅದೇ ಊರಿನಲ್ಲಿದ್ದ, ಹನ್ನೊಂದು ಅಂಗಗಳನ್ನು ಬಲ್ಲ ಭವ್ಯಸೇನನಿಗೆ ಮಾತ್ರ ಒಂದು ಮಾತನ್ನೂ ಕಳಿಸಲಿಲ್ಲ. ಕಾರಣವನ್ನು ತಿಳಿಯಲು ಕ್ಷುಲ್ಲಕನು ಪರೀಕ್ಷೆಗೆ ತೊಡಗಿದನು. ಒಂದು ದಿನ ಊರಿನ ಪೂರ್ವದಲ್ಲಿ ಬ್ರಹ್ಮನ ರೂಪ, ಮರುದಿನ ದಕ್ಷಿಣದಲ್ಲಿ ವಿಷ್ಣುವಿನ ರೂಪ, ಆಮೇಲೆ ಪಶ್ಚಿಮದಲ್ಲಿ ರುದ್ರನ ರೂಪ. ಊರೆಲ್ಲ ಓಡಿತು, ರಾಣಿ ಹೋಗಲಿಲ್ಲ. ಕೊನೆಗೆ ಉತ್ತರದಲ್ಲಿ ಸಮವಸರಣ ಸಹಿತನಾದ ತೀರ್ಥಂಕರನ ರೂಪ. ಭವ್ಯಸೇನನೂ ಹೋದನು. ರಾಣಿ ಆಗಲೂ ಹೋಗಲಿಲ್ಲ. ತೀರ್ಥಂಕರರು ಇಪ್ಪತ್ತನಾಲ್ವರೇ, ಅವರೆಲ್ಲ ಆಗಿಹೋದರು, ಇಪ್ಪತ್ತೈದನೆಯವನು ಬರಲಾರ, ಆದುದರಿಂದ ಇದು ಯಾರದೋ ಮಾಯೆ ಎಂಬುದು ಅವಳ ತರ್ಕ.

ರೇವತಿಯು ಯಂತ್ರವನ್ನು ಕಂಡುಹಿಡಿಯಲಿಲ್ಲ ಎಂಬುದನ್ನು ಗಮನಿಸಬೇಕು. ತೆರೆಯನ್ನು ಸರಿಸಿ ಹಗ್ಗವನ್ನು ತೋರಿಸಲಿಲ್ಲ. ಎಣಿಕೆ ಅವಳಿಗೆ ಗೊತ್ತಿತ್ತು, ಅಷ್ಟು ಸಾಕಾಯಿತು. ಅವಳಲ್ಲಿ ಕಠಿಣತೆಯೂ ಇರಲಿಲ್ಲ. ಅದೇ ಕ್ಷುಲ್ಲಕನು ರೋಗಿಯ ವೇಷದಿಂದ ಬಾಗಿಲಿಗೆ ಬಂದು ಬಿದ್ದಾಗ ಎತ್ತಿ ಉಪಚರಿಸಿ, ಅವನು ಮಾಡಿದ ಹೊಲಸನ್ನು ಹೇಸದೆ ತೊಳೆದಳು. ದೇವರ ರೂಪಕ್ಕೆ ಬಾಗದವಳು ರೋಗಿಯ ರೂಪಕ್ಕೆ ಬಾಗಿದಳು. ರೋಗವೂ ಮಾಯೆಯೇ ಆಗಿತ್ತು. ಆದರೆ ಉಪಚರಿಸುವ ಮುನ್ನ ರೋಗವು ನಿಜವೇ ಎಂದು ಪರೀಕ್ಷಿಸುವ ಅಗತ್ಯ ಅವಳಿಗೆ ಕಾಣಲಿಲ್ಲ. ಇತ್ತ ಭವ್ಯಸೇನನ ಮುಂದೆ ಕ್ಷುಲ್ಲಕನು ಹಸಿರು ಮೊಳಕೆಗಳನ್ನು ತೋರಿಸಿದಾಗ, ಅವು ಜೀವಗಳೆಂದು ಆಗಮದಲ್ಲಿ ಓದಿದ್ದವನು ಅವುಗಳ ಮೇಲೆಯೇ ನಡೆದುಹೋದನು. ಮೊಳಕೆಗಳು ನಿಜವಾಗಿರಲಿಲ್ಲ, ಯಾವ ಜೀವವೂ ಸಾಯಲಿಲ್ಲ. ಆದರೂ ಅವನ ಪ್ರಮಾದವು ನಿಜವಾಗಿತ್ತು.

ಕ್ಷುಲ್ಲಕನೂ ಊರನ್ನು ವಂಚಿಸಲಿಲ್ಲವೇ ಎಂದು ಕೇಳುವವರಿರಬಹುದು. ಕೇಳತಕ್ಕ ಪ್ರಶ್ನೆಯೇ. ಅವನು ಕಾಣಿಕೆಯನ್ನು ತೆಗೆದುಕೊಳ್ಳಲಿಲ್ಲ, ಮಾಯೆಯನ್ನು ಕೊನೆಗೆ ತಾನೇ ಉಪಸಂಹರಿಸಿ ನಿಜವನ್ನು ರಾಣಿಗೆ ಹೇಳಿದನು ಎಂಬುದು ಒಂದು ಉತ್ತರ. ಓಡಿಹೋಗಿ ಕೈಮುಗಿದ ಸಾಮಾನ್ಯ ಜನರ ವಿಷಯದಲ್ಲಿ ಈ ಉತ್ತರವು ಪೂರ್ತಿಯಾಗಿ ಸಮಾಧಾನ ಕೊಡುವುದಿಲ್ಲ. ಇದಕ್ಕಿಂತ ಸ್ಪಷ್ಟವಾದ ದಾರಿಯನ್ನು ವಿಷ್ಣುಕುಮಾರ ಮುನಿಗಳ ಕಥೆಯು ತೋರುತ್ತದೆ. ಹಸ್ತಿನಾಪುರದಲ್ಲಿ ಅಕಂಪನಾಚಾರ್ಯರೇ ಮೊದಲಾದ 700 ಮುನಿಗಳಿಗೆ ಬಲಿಯಿಂದ ಘೋರ ಉಪಸರ್ಗ ಒದಗಿದಾಗ ಅವರು ವಿಕ್ರಿಯಾ ಋದ್ಧಿಯಿಂದ ವಾಮನನ ರೂಪ ತಾಳಿ, ಮೂರು ಹೆಜ್ಜೆ ನೆಲವನ್ನು ಬೇಡಿ, ಬೆಳೆದು ನಿಂತು ಮುನಿಸಂಘವನ್ನು ರಕ್ಷಿಸಿದರು. ವಾತ್ಸಲ್ಯಾಂಗಕ್ಕೆ ಅವರೇ ದೃಷ್ಟಾಂತ. ರಕ್ಷಾಬಂಧನದ ದಿನ ಇಂದಿಗೂ ಅವರ ಸ್ಮರಣೆ ನಡೆಯುತ್ತದೆ. ಆದರೆ ಕಾರ್ಯವು ಮುಗಿದ ಮೇಲೆ ಅವರು ಗುರುಗಳಲ್ಲಿಗೆ ಹೋಗಿ ಪ್ರಾಯಶ್ಚಿತ್ತ ಪಡೆದು ಮತ್ತೆ ತಪಸ್ಸಿನಲ್ಲಿ ನಿಂತರೆಂದು ಕಥೆಯು ಮುಂದುವರಿಯುತ್ತದೆ. ಏಳುನೂರು ಜೀವಗಳನ್ನು ಉಳಿಸಿದ ರೂಪಾಂತರಕ್ಕೂ ಪ್ರಾಯಶ್ಚಿತ್ತ ಬೇಕಾಯಿತು. ಹುಂಡಿಯನ್ನು ತುಂಬಿಸುವ ರೂಪಾಂತರಕ್ಕೆ ಎಷ್ಟು ಬೇಕಾದೀತು?

ಇಷ್ಟರಿಂದ ಚಲಿಸುವ ಕಮಲವೇ ನಿಷಿದ್ಧವೆಂದು ತೀರ್ಮಾನಿಸುವುದು ಅವಸರವಾದೀತು. ಮಂದಿರದಲ್ಲಿ ಎಲ್ಲವೂ ಒಂದರ್ಥದಲ್ಲಿ ತೋರಿಕೆಯೇ. ಶಿಲೆಯು ಜಿನನಲ್ಲ. ಪಂಚಕಲ್ಯಾಣ ಮಹೋತ್ಸವದಲ್ಲಿ ಇಂದ್ರ ಇಂದ್ರಾಣಿಯರಾಗಿ ಕಿರೀಟ ಧರಿಸುವವರು ನೆರೆಹೊರೆಯ ಗೃಹಸ್ಥರೇ. ಆದರೂ ಅಲ್ಲಿ ಸುಳ್ಳಿಲ್ಲ, ಏಕೆಂದರೆ ಅದು ಸ್ಥಾಪನಾ ನಿಕ್ಷೇಪ: ಇದರಲ್ಲಿ ಅದನ್ನು ಇಟ್ಟುಕೊಂಡಿದ್ದೇವೆಂದು ಇಟ್ಟವರಿಗೂ ನೋಡುವವರಿಗೂ ಸಮಾನವಾಗಿ ಗೊತ್ತು. ತಿಳಿವಳಿಕೆಯು ಎರಡೂ ಕಡೆ ಒಂದೇ ಆಗಿರುವ ತನಕ ಸ್ಥಾಪನೆ. ಒಂದು ಕಡೆ ಮಾತ್ರ ಉಳಿದರೆ ಮಾಯೆ. ಮಾಯೆಯು ತಿರ್ಯಂಚಾಯುವಿನ ಆಸ್ರವಕ್ಕೆ ಕಾರಣವೆಂದು ಸೂತ್ರಕಾರರ ನಿರ್ಣಯ.

ಈ ಗೆರೆಯು ಎಷ್ಟು ಸೂಕ್ಷ್ಮವೆಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗವು ನಿದರ್ಶನ. ಕೆಂಟ್ ಪ್ರಾಂತದ ಬಾಕ್ಸ್‌ಲಿ ಮಠದಲ್ಲಿ ಶಿಲುಬೆಗೇರಿಸಿದ ಯೇಸುವಿನ ಒಂದು ಮೂರ್ತಿಯಿತ್ತು. ಅದರ ಕಣ್ಣು ತುಟಿಗಳು ಆಡುತ್ತಿದ್ದವು. ಯಾತ್ರಿಕರು ದೂರದಿಂದ ಬಂದು ಕಾಣಿಕೆ ಸಲ್ಲಿಸುತ್ತಿದ್ದರು. ಎಂಟನೆಯ ಹೆನ್ರಿಯ ಕಾಲದಲ್ಲಿ ಮಠಗಳನ್ನು ಮುಚ್ಚುವಾಗ, 1538ರಲ್ಲಿ, ಜೆಫ್ರಿ ಚೇಂಬರ್ ಎಂಬ ಅಧಿಕಾರಿಯು ಮೂರ್ತಿಯ ಬೆನ್ನಿನಲ್ಲಿ ಹಳೆಯ ತಂತಿಗಳನ್ನೂ ಕೊಳೆತ ಕೋಲುಗಳನ್ನೂ ಕಂಡು ಥಾಮಸ್ ಕ್ರಾಮ್‌ವೆಲ್‌ಗೆ ವರದಿ ಮಾಡಿದನು. ಮೂರ್ತಿಯನ್ನು ಮೇಡ್‌ಸ್ಟನ್ ಊರಿನ ಸಂತೆಯಲ್ಲಿ ಜನರಿಗೆ ತೋರಿಸಿ, ಆಮೇಲೆ ಲಂಡನ್ನಿಗೆ ಒಯ್ದು, ರೋಚೆಸ್ಟರಿನ ಬಿಷಪ್ ಜಾನ್ ಹಿಲ್ಸಿಯ ಉಪದೇಶದ ನಂತರ ಒಡೆದು ಸುಟ್ಟರು. ಮಠದವರು ತಮಗೇನೂ ತಿಳಿಯದೆಂದು ಹೇಳಿದರು. ಆದರೆ ಇತ್ತೀಚಿನ ಇತಿಹಾಸಕಾರರಲ್ಲಿ ಕೆಲವರು, ಅದು ಬೊಂಬೆಯೆಂಬುದು ಬಹುಮಂದಿ ಯಾತ್ರಿಕರಿಗೆ ಗೊತ್ತಿದ್ದಿರಬಹುದು, ಹಬ್ಬದ ನಾಟಕದಂತೆ ಅದನ್ನು ಕಂಡಿರಬಹುದು, ವಂಚನೆಯೆಂಬ ಆರೋಪವು ಮಠವನ್ನು ಮುಚ್ಚುವವರಿಗೆ ಅನುಕೂಲವಾಗಿತ್ತು ಎಂದು ವಾದಿಸುತ್ತಾರೆ. ತಂತಿಗಳು ಅವೇ, ಕೋಲುಗಳು ಅವೇ. ನೋಡುವವರಿಗೆ ಗೊತ್ತಿತ್ತೇ ಎಂಬ ಒಂದೇ ಪ್ರಶ್ನೆಯ ಮೇಲೆ ಅದು ಪೂಜೆಯೋ ಪಾಪವೋ ಎಂಬುದು ನಿಂತಿದೆ. ಮಠದವರು ಒಂದು ಹಲಗೆಯ ಮೇಲೆ ನಾಲ್ಕು ಸಾಲು ಬರೆದು ಪಕ್ಕದಲ್ಲಿ ತೂಗುಹಾಕಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ.

ವಿದ್ಯುತ್ತಿಲ್ಲವಾದುದರಿಂದ ದೋಷವಿಲ್ಲ ಎಂಬ ಸಮಾಧಾನವೂ ಪರೀಕ್ಷೆಗೆ ನಿಲ್ಲುವುದಿಲ್ಲ. ಹೆರೋನನ ಬಾಗಿಲಿಗೆ ಬೆಂಕಿ ಬೇಕು. ಬೆಂಕಿಯಲ್ಲಿ ಅಗ್ನಿಕಾಯಿಕ ಜೀವಗಳೂ ಅದರತ್ತ ಹಾರಿಬರುವ ಕೀಟಗಳೂ ಇವೆ. ಸೋಸದ ನೀರನ್ನು ತಿಂಗಳುಗಟ್ಟಲೆ ಗೋಳದಲ್ಲಿ ನಿಲ್ಲಿಸಿದರೆ ಅಲ್ಲಿ ಏನೇನು ಹುಟ್ಟಿ ಸಾಯುವುದೆಂಬುದನ್ನು ಶ್ರಾವಕರಿಗೆ ಹೇಳಬೇಕಾಗಿಲ್ಲ. ಯೂರೋಪಿನ ಮನೆಗಳಲ್ಲಿ ಗೋಡೆಗೆ ತೂಗುಹಾಕುವ ಹವಾಮಾನದ ಪುಟ್ಟ ಮನೆಯೊಂದುಂಟು. ಮಳೆಯ ಸೂಚನೆಯಿದ್ದಾಗ ಒಂದು ಬೊಂಬೆ, ಬಿಸಿಲಿನ ಸೂಚನೆಯಿದ್ದಾಗ ಇನ್ನೊಂದು ಬೊಂಬೆ ಹೊರಬರುತ್ತದೆ. ವಿದ್ಯುತ್ತಿಲ್ಲ, ಬೆಂಕಿಯಿಲ್ಲ, ಮೋಸವೂ ಇಲ್ಲ. ಆದರೆ ತೇವಕ್ಕೆ ಹುರಿ ಬಿಚ್ಚಿ ಬೊಂಬೆಯನ್ನು ತಿರುಗಿಸುವ ಆ ದಾರವು ಪ್ರಾಣಿಯ ಕರುಳಿನಿಂದ ಮಾಡಿದ್ದು. ಯಂತ್ರದ ಒಳಗನ್ನು ನೋಡಬೇಕೆಂಬುದಕ್ಕೆ ಸತ್ಯವ್ರತ ಒಂದೇ ಕಾರಣವಲ್ಲ, ಅಹಿಂಸೆಯೂ ಕಾರಣ.

ಆದುದರಿಂದ ಸಮಿತಿಯು ಶಿಲ್ಪಿಯನ್ನು ಕೇಳಬೇಕಾದುದು ಕಮಲದ ಎತ್ತರವನ್ನಲ್ಲ. ಕೆಳಗಿನ ಪೀಠದ ಒಂದು ಬದಿಯನ್ನು ಗಾಜಿನಿಂದ ಮುಚ್ಚಲಾದೀತೇ, ನೀರು ಸೋಸಿದ್ದೇ, ದಿನಕ್ಕೊಮ್ಮೆ ಬದಲಿಸಬಹುದೇ, ಹಗ್ಗವು ನೂಲಿನದೇ, ಕೀಲುಗಳಿಗೆ ಸವರುವ ಜಿಡ್ಡು ಯಾವುದು ಎಂಬುದನ್ನು ಕೇಳಬೇಕು. ನೀರಿನ ಬದಲಿಗೆ ಮರಳು ಆದೀತೇ ಎಂದು ಕೇಳುವುದೂ ಒಳ್ಳೆಯದು. ಸಾಸಿವೆಯನ್ನು ಸುರಿಸಿ ಬೊಂಬೆಯಾಡಿಸಿದವನ ಉಪಾಯಕ್ಕೆ ಮರಳು ಒಗ್ಗದಿರಲು ಕಾರಣವಿಲ್ಲ. ಬೆರಗು ಕಡಿಮೆಯಾದೀತೆಂಬ ಭಯಕ್ಕೆ ಆಧಾರವಿಲ್ಲ. ಮಕ್ಕಳು ಮೊದಲು ಬಿಚ್ಚುವ ದಳಗಳನ್ನು ನೋಡುತ್ತಾರೆ, ಮರುಕ್ಷಣವೇ ಬಗ್ಗಿ ಗಾಜಿನೊಳಗೆ ಇಳಿಯುವ ಚೀಲವನ್ನು ನೋಡುತ್ತಾರೆ, ಇದು ಹೇಗೆ ಎಂದು ಹಿರಿಯರನ್ನು ಕೇಳುತ್ತಾರೆ. ಆಗ ಉತ್ಪಾದ, ವ್ಯಯ, ಧ್ರೌವ್ಯಗಳನ್ನು ವಿವರಿಸಲು ಬಲ್ಲ ಒಬ್ಬರನ್ನು ಪೀಠದ ಪಕ್ಕದಲ್ಲಿ ಕೂರಿಸುವುದು ಸಮಿತಿಯ ಕೆಲಸ. ಹುಂಡಿಯನ್ನು ಅಲ್ಲಿಂದ ತೆಗೆದು ಎಂದಿನಂತೆ ಬಾಗಿಲ ಬಳಿಯಲ್ಲಿಯೇ ಇಡಬಹುದು.